ಗೇಟಿಗೆ ಬಂದ ಮೇಲೆ ಫುಟ್‌ಬಾಲ್ ಪಂದ್ಯ ರದ್ದು!
ಇವತ್ತೂ ಅದೇ ಕಥೆ! ರೈಲಿಳಿದು, ಕೆಸರು ತುಳಿದುಕೊಂಡು ಹೋದರೆ ಮೈದಾನದ ಗೇಟಿಗೆ ಬೀಗ. ಮಳೆಗೆ ಶಾಯಿ ಹರಡಿದ ಹಾಳೆಯಲ್ಲಿ ಬರೆದಿದ್ದಾರೆ: ನೀರು ನಿಂತಿದೆ, ಪಂದ್ಯ ಮುಂದಕ್ಕೆ. ರಾತ್ರಿಯಿಡೀ ಸುರಿದ ಮಳೆ ಇವರಿಗೆ ಕಂಡದ್ದು ಮಧ್ಯಾಹ್ನವೇ? ಬೆಳಿಗ್ಗೆಯೇ ನೋಡಿ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಇಂಗ್ಲೆಂಡಿನ ಚಳಿಗಾಲದಲ್ಲಿ ಮಳೆ ಹೊಸ ಸುದ್ದಿಯೇ?

ಎಲ್ಲಕ್ಕಿಂತ ಮೇಲಿನ ಹಂತದ ಪ್ರೀಮಿಯರ್ ಲೀಗ್‌ನವರ ಹುಲ್ಲಿನಡಿ, ನೆಲ ಹೆಪ್ಪುಗಟ್ಟದಿರಲಿ ಅಂತ, ಬಿಸಿನೀರಿನ ಕೊಳವೆ. ಐದನೇ ಹಂತದ ನ್ಯಾಷನಲ್ ಲೀಗ್‌ಗಿಂತಲೂ ಕೆಳಗಿರುವ ಈ ಪುಟ್ಟ ಕ್ಲಬ್ಬುಗಳಿಗೆ ನೀರು ಬಸಿದುಹೋಗುವ ವ್ಯವಸ್ಥೆಗೂ ಗತಿಯಿಲ್ಲ. ಟಿವಿ ದುಡ್ಡಿನ ರಾಶಿಯೆಲ್ಲ ಮೇಲಿನವರಿಗೇ. ಹೊಟ್ಟೆ ಉರಿಯುತ್ತೆ.

ನನಗೆ ಈ ತಂಡವೂ ಇಲ್ಲ, ಆ ತಂಡವೂ ಇಲ್ಲ, ಆಟ ನೋಡುವ ಆಸೆ ಅಷ್ಟೇ. ಖಾಯಂ ಅಭಿಮಾನಿಗಳಿಗೆ ಮೆಸೇಜ್ ಹೋಗುತ್ತೆ, ನನ್ನಂಥವರಿಗೆ ಯಾರು ಹೇಳಬೇಕು? ಟಿಕೆಟ್ಟಿನ ದುಡ್ಡು ಯಾರು ಕೊಡ್ತಾರೆ? ಇನ್ನು ಮಂಗಳವಾರ ರಾತ್ರಿ ಆಡಿಸ್ತಾರಂತೆ. ಮುಗಿಯುವ ಹೊತ್ತಿಗೆ ವಾಪಸ್ ರೈಲು ಎಲ್ಲಿರುತ್ತೆ?