ದೇವರಿಗೂ ಬೇಡ, ಕಳ್ಳರಿಗೂ ಬೇಡ

ಗಿರಿನಗರದ ನಮ್ಮ ರಸ್ತೆಯಲ್ಲಿ ಬೆಳಗಿನ ಜಾವ ವಾಕಿಂಗ್ ಹೊರಡುವವರ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್, ಇನ್ನೊಂದರಲ್ಲಿ ಕೊಕ್ಕೆ ಕೋಲು. ಆರೋಗ್ಯ ನೆಪ, ಹೂವು ಗುರಿ. ಕಾಂಪೌಂಡಿನಿಂದಾಚೆ ಇಣುಕಿದ ದಾಸವಾಳ, ಕಣಗಿಲೆ, ನಂದಿಬಟ್ಟಲು ಯಾವುದೂ ನಮ್ಮಲ್ಲಿ ಸೂರ್ಯನ ಮುಖ ಕಂಡದ್ದಿಲ್ಲ. ಕೇಳಿದರೆ "ದೇವರಿಗೆ ತಾನೇ ಸಾರ್?" ಅನ್ನುತ್ತಾರೆ. ಈ ಸೆಕ್ಷನ್‌ಗೆ ಜಾಮೀನೂ ಬೇಕಿಲ್ಲ.

ಹೆಂಡತಿ ಉಪಾಯ ಹೂಡಿದಳು. ಪೂಜೆಗೆ ಬಾರದ, ಪರಿಮಳವಿಲ್ಲದ, ಮುಟ್ಟಿದರೆ ಚುಚ್ಚುವ ಬೋಗನ್‌ವಿಲ್ಲ! ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಯಿಂದ ಸಸಿ ಬಂತು. ನರ್ಸರಿಯವನು ಹೇಳಿದ್ದು ಎರಡೇ ಮಾತು: "ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳಲಿ. ಮಣ್ಣು ಒಣಗೋವರೆಗೂ ನೀರು ಹಾಕ್ಬೇಡಿ."

ಬಿಸಿಲಿಗೆ ಗೇಟಿನ ಪಕ್ಕದ ಜಾಗವಿತ್ತು. ನೀರಿಗೆ ಅಮ್ಮ ಇದ್ದಳು.

"ದೇವರಿಗಿಲ್ಲದ ಹೂವು ಮನೆಗ್ಯಾಕೋ" ಎಂದು ಮೂಗು ಮುರಿದವಳು ಮಾರನೆಯ ದಿನದಿಂದಲೇ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ದೋಸೆಹಿಟ್ಟಿನ ಪಾತ್ರೆ ಗಲಬರಿಸಿದ ನೀರು ಎಲ್ಲವನ್ನೂ ಅದರ ಬುಡಕ್ಕೇ ಸುರಿದಳು. ನಾನು ವಿವರಿಸಿ ನೋಡಿದೆ. ಇದು ಬ್ರೆಜಿಲ್ ಕಡೆಯ ಗಿಡ, 1767ರಲ್ಲಿ ರಿಯೊ ಡಿ ಜನೈರೊದಲ್ಲಿ ಫ್ರೆಂಚ್ ಹಡಗಿನವರ ಕಣ್ಣಿಗೆ ಬಿತ್ತು, ಅವರ ನಾಯಕ ಬೂಗೆನ್‌ವಿಲ್‌ನ ಹೆಸರೇ ಇದಕ್ಕೆ ಬಂತು, ಒಣ ಹವೆಯಲ್ಲೇ ಇದು ಚೆನ್ನಾಗಿ ಹೂ ಬಿಡುವುದು ಅಂತ. "ಅಯ್ಯೋ, ಅಷ್ಟು ದೂರದಿಂದ ಬಂದಿರೋದಕ್ಕೆ ಒಂದು ಚೊಂಬು ನೀರೂ ಕೊಡದಿದ್ರೆ ನಮ್ಮನೆ ಮರ್ಯಾದೆ ಏನಾಗ್ಬೇಕು?" ಎಂದಳು. ಭೂಗೋಳ, ಚರಿತ್ರೆ ಎರಡೂ ಅಲ್ಲಿಗೆ ಮುಗಿದವು.

ಸಾಲದ್ದಕ್ಕೆ ಎದುರುಮನೆಯ ರಾಯರು "ಸ್ವಲ್ಪ ಶಕ್ತಿ ಬರಲಿ" ಎಂದು ಯೂರಿಯಾ ಉದುರಿಸಿ ಹೋದರು. ಸಾರಜನಕ ಹೆಚ್ಚಾದರೆ ಬರುವುದು ಎಲೆ, ಹೂವಲ್ಲ. ಬಂತು ನೋಡಿ ಎಲೆ! ಗೇಟು ದಾಟಿ, ಕಿಟಕಿ ಹಿಡಿದು, ಕರೆಂಟ್ ಮೀಟರನ್ನೇ ಮುಚ್ಚಿತು. ರೀಡಿಂಗ್‌ಗೆ ಬಂದ ಹುಡುಗ ಕೈ ಗೀರಿಸಿಕೊಂಡು, "ಮೇಡಂ, ನೀವೇ ಓದಿ ಹೇಳಿ" ಎಂದು ರಸ್ತೆಯಲ್ಲೇ ನಿಂತ. ಕತ್ತರಿಸೋಣವೆಂದರೆ ಅಮ್ಮನ ಪಂಚಾಂಗ ಅಡ್ಡ: ಮಂಗಳವಾರ ಬೇಡ, ಶುಕ್ರವಾರ ಬೇಡ, ಏಕಾದಶಿ, ಅಮಾವಾಸ್ಯೆ ಸರ್ವಥಾ ಬೇಡ. ಉಳಿದ ದಿನ ನನಗೆ ಆಫೀಸು. ಇತ್ತ ರಿಂಗ್ ರೋಡಿನ ಡಿವೈಡರ್‌ನಲ್ಲಿ ಇದೇ ಜಾತಿಯ ಗಿಡಗಳು ಲಾರಿಗಳ ಹೊಗೆ ಕುಡಿದುಕೊಂಡೇ ಕೆಂಪಗೆ ನಗುತ್ತಿದ್ದವು.

ಕೊನೆಗೆ ನಮ್ಮ ಗಿಡವನ್ನು ಕಾಪಾಡಿದ್ದು ಬರಗಾಲ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತಲ್ಲ, ಅಮ್ಮ ಅದನ್ನು ತನ್ನ ಹೆಸರಿಗೇ ಬಂದ ನೋಟಿಸ್ ಎಂದುಕೊಂಡಳು. ಅಕ್ಕಿ ತೊಳೆದ ನೀರಿಗೆ ದಂಡವಿಲ್ಲವಮ್ಮ ಎಂದು ನಾನೂ ಹೇಳಲು ಹೋಗಲಿಲ್ಲ. ಆ ನೀರೆಲ್ಲ ಬಕೆಟ್ ಸೇರಿ ಬಚ್ಚಲು ತೊಳೆಯಲು ಹೋಯಿತು. ಗಿಡ ಎಲೆ ಉದುರಿಸಿತು. "ಪಾಪ, ಬಾಯಿಲ್ಲದ ಜೀವ" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅದು ತಲೆಯಿಂದ ಬುಡದವರೆಗೆ ರಾಣಿ ಬಣ್ಣ ಉಟ್ಟು ನಿಂತಿತು!

ರಾಯರು ಭೂತಗನ್ನಡಿ ತಂದರು. ಬಣ್ಣದ್ದು ಹೂವಲ್ಲ, ರೂಪ ಬದಲಿಸಿದ ಎಲೆ. ಮೂರರ ನಡುವೆ ಕಡ್ಡಿಯಂತಿರುವ ಪುಟ್ಟ ಬಿಳಿಯದೇ ನಿಜವಾದ ಹೂ ಎಂದು ತೋರಿಸಿದರು. ಯೂರಿಯಾ ಮಾತು ಎತ್ತಲಿಲ್ಲ.

ಒಂದು ಸುತ್ತು ಮುಗಿದ ಮೇಲೆ ಸವರಬೇಕು, ಹೊಸ ಚಿಗುರಿನಲ್ಲೇ ಮತ್ತೆ ಹೂ ಬರುವುದು. ಪಂಚಾಂಗ ಒಪ್ಪಿದ ಒಂದು ಬುಧವಾರ ರಜೆ ಹಾಕಿ ಸವರಿದೆ. ಮುಳ್ಳಿನ ರಾಶಿಯನ್ನು ಕಸದ ಆಟೋದವರು ಮುಟ್ಟಲಿಲ್ಲ. ಅದು ಗೇಟಿನ ಬಳಿಯೇ ಉಳಿದು, ಮಾರನೆಯ ಬೆಳಗ್ಗೆ ನನ್ನ ಸ್ಕೂಟರ್ ಪಂಕ್ಚರ್.

ಪಂಕ್ಚರ್ ಅಂಗಡಿಯವನು ಟೈರಿನಿಂದ ಮುಳ್ಳು ಕಿತ್ತು, ಬೆಳಕಿಗೆ ಹಿಡಿದು, ತುಂಬಾ ಹೊತ್ತು ನೋಡಿದ.

"ಸಾರ್, ಇದು ಕಡ್ಡಿ ನೆಟ್ರೆ ಬರುತ್ತಾ?"

"ಬರುತ್ತೆ. ಪೆನ್ಸಿಲ್ ದಪ್ಪದ್ದಿರಬೇಕು. ಯಾಕೆ?"

"ಅಂಗಡಿ ಮುಂದೆ ಒಂದು ಹಾಕೋಣ ಅಂತ."