ಫೆಡ್ ಬಡ್ಡಿ ಏರಿಸಿದರೆ ನಮ್ಮ ಆರ್‌ಬಿಐ ಕೂಡ ಏರಿಸಬೇಕಾ?

ಪರ: ಏರಿಸಬೇಕು, ಅದೂ ಬೇಗ
(ಬರೆದವರು: ಬ್ಯಾಂಕಿನ ಡಾಲರ್ ವ್ಯವಹಾರ ವಿಭಾಗದ ನಿವೃತ್ತ ಅಧಿಕಾರಿ, ಮಾಟುಂಗಾ)

ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ತನ್ನ ಬಡ್ಡಿದರ ಹೇಳುವಾಗ ಮುಂಬಯಿಯಲ್ಲಿ ರಾತ್ರಿ ಹನ್ನೊಂದೂವರೆ. ಚಳಿಗಾಲವಾದರೆ ಹನ್ನೆರಡೂವರೆ. ಕೆಲಸದಲ್ಲಿದ್ದಾಗ ನಾವು ಡೀಲರ್‌ಗಳು ಆ ರಾತ್ರಿ ಬೇಗ ಮಲಗುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ರೂಪಾಯಿ ಯಾವ ಕಡೆ ಹೋಗುತ್ತದೆ ಅನ್ನುವುದು ಅಷ್ಟರಲ್ಲೇ ಹೆಚ್ಚುಕಮ್ಮಿ ಗೊತ್ತಾಗುತ್ತಿತ್ತು.

ಲೆಕ್ಕ ಸರಳ. ವಿದೇಶಿ ಹೂಡಿಕೆದಾರ ನಮ್ಮ ಬಾಂಡ್ (ಸರ್ಕಾರ, ಕಂಪನಿಗಳ ಸಾಲಪತ್ರ) ಕೊಳ್ಳುವುದು ಇಲ್ಲಿ ಬಡ್ಡಿ ಜಾಸ್ತಿ ಅಂತ. ಅಮೆರಿಕದಲ್ಲೇ ಒಳ್ಳೆ ಬಡ್ಡಿ ಸಿಕ್ಕರೆ ಅವನಿಗೆ ಇಲ್ಲಿನ ರಿಸ್ಕ್ ಯಾಕೆ? ಬಾಂಡ್ ಮಾರುತ್ತಾನೆ, ರೂಪಾಯಿ ಕೊಟ್ಟು ಡಾಲರ್ ಒಯ್ಯುತ್ತಾನೆ. ರೂಪಾಯಿ ಬೀಳುತ್ತದೆ. ನಾವು ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಹೊರಗಿನದು. ಮುಂದಿನದು ಹೇಳಬೇಕಾಗಿಲ್ಲ.

2013 ನೋಡಿ. ಆಗ ಫೆಡ್ ಬಡ್ಡಿ ಏರಿಸಿರಲೂ ಇಲ್ಲ. ತಿಂಗಳಿಗೆ 8,500 ಕೋಟಿ ಡಾಲರ್‌ನ ಬಾಂಡ್ ಖರೀದಿಯನ್ನು, ಅಂದರೆ ಪೇಟೆಗೆ ಹಣ ಹರಿಸುವುದನ್ನು, ಕಡಿಮೆ ಮಾಡಬಹುದು ಎಂದು ಅಧ್ಯಕ್ಷ ಬೆನ್ ಬರ್ನಾಂಕೆ ಮೇ 22ರಂದು ಬಾಯಿಬಿಟ್ಟರು, ಅಷ್ಟೆ. 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಆರ್‌ಬಿಐ ಗಟ್ಟಿ ಹೆಜ್ಜೆ ಇಟ್ಟದ್ದು ಜುಲೈ 15ಕ್ಕೆ. ಬ್ಯಾಂಕುಗಳು ತುರ್ತಿಗೆ ತನ್ನಿಂದ ಪಡೆಯುವ ಸಾಲದ ಬಡ್ಡಿಯನ್ನು ಒಂದೇ ಏಟಿಗೆ 8.25ರಿಂದ 10.25ಕ್ಕೆ ಒಯ್ದಿತು. ತಡ ಮಾಡಿದ್ದಕ್ಕೇ ಅಷ್ಟು ದೊಡ್ಡ ಏರಿಕೆ ಬೇಕಾಯಿತು ಅನ್ನುವುದು ನನ್ನ ವಾದ.

2022ರಲ್ಲಿ ಹಾಗೆ ತಡ ಮಾಡಲಿಲ್ಲ. ಮೇ 4ರ ಮಧ್ಯಾಹ್ನ, ವೇಳಾಪಟ್ಟಿಯಲ್ಲೇ ಇಲ್ಲದ ಘೋಷಣೆ ಮಾಡಿ, ಆರ್‌ಬಿಐ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಮುಖ್ಯ ಬಡ್ಡಿ) 4ರಿಂದ 4.40ಕ್ಕೆ ಏರಿಸಿತು. ಅದೇ ರಾತ್ರಿ ಫೆಡ್ ಅರ್ಧ ಪರ್ಸೆಂಟ್ ಏರಿಸಿತು. ನಮ್ಮದು ಇಲ್ಲಿನ ಬೆಲೆಯೇರಿಕೆಗಾಗಿ ಎಂದು ಆರ್‌ಬಿಐ ಹೇಳಿತು. ಇರಲಿ, ತಾರೀಕು ನೋಡಿದರೆ ಸಾಕು.

ವಿರೋಧ: ನಮ್ಮ ಬಡ್ಡಿ ನಮ್ಮ ಬೆಲೆ ನೋಡಿ
(ಬರೆದವರು: ಹೋಟೆಲ್ ಮಾಲೀಕರು, ಮಾಟುಂಗಾ)

ಮೇಲಿನ ವಾದ ಬರೆದ ರಾಯರು ದಿನಾ ಸಂಜೆ ನಮ್ಮಲ್ಲಿ ಕಾಫಿ ಕುಡಿಯುವವರು. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಅವರ ಲೆಕ್ಕದಲ್ಲಿ ಸಾಲಗಾರನೇ ಇಲ್ಲ.

2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಸಣ್ಣ ಉದ್ಯಮಕ್ಕೆ ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಸಾಲದ ಬಡ್ಡಿಯನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ 4ರಿಂದ 6.5ಕ್ಕೆ ಹೋಯಿತು. ಅಡುಗೆಮನೆ ದೊಡ್ಡದು ಮಾಡಲು 50 ಲಕ್ಷ ಸಾಲ ತೆಗೆದವನಿಗೆ ವರ್ಷಕ್ಕೆ 1.25 ಲಕ್ಷ ಜಾಸ್ತಿ ಬಡ್ಡಿ. ಇಲ್ಲಿ ಇಡ್ಲಿಗೆ ಐದು ರೂಪಾಯಿ ಏರಿಸಿದರೆ ಗಿರಾಕಿ ಬೋರ್ಡನ್ನು ಎರಡೆರಡು ಸಲ ಓದುತ್ತಾರೆ.

2023ರ ಜುಲೈ ನೆನಪಿದೆಯಾ? ಟೊಮೆಟೊ ಕಿಲೋಗೆ ನೂರು ದಾಟಿತ್ತು. ನಾವು ಸಾರಿಗೆ ಹುಣಸೆಹುಳಿ ಜಾಸ್ತಿ ಹಾಕಿ ಸುಧಾರಿಸಿದೆವು. ಬೆಲೆಯೇರಿಕೆ 7.44 ಪರ್ಸೆಂಟ್. ಬಡ್ಡಿ ಏರಿಸಿದರೆ ಟೊಮೆಟೊ ಬೆಳೆಯುತ್ತಾ? ಆರ್‌ಬಿಐ ರೆಪೊ ಮುಟ್ಟಲಿಲ್ಲ. ಅದೇ ತಿಂಗಳು ಫೆಡ್ ತನ್ನ ದರವನ್ನು 5.25-5.50ಕ್ಕೆ ಒಯ್ದಿತು. ಒಂದು ಕಾಲಕ್ಕೆ ಮೂರೂವರೆಗೂ ಮೀರಿದ್ದ ಎರಡೂ ದರಗಳ ಅಂತರ ಒಂದರ ಹತ್ತಿರ ಬಂತು. ರಾಯರ ಲೆಕ್ಕದಂತೆ ವಿದೇಶಿಯರೆಲ್ಲ ಗಂಟುಮೂಟೆ ಕಟ್ಟಬೇಕಿತ್ತು, ಅಲ್ವಾ? ಆ ವರ್ಷ ನಮ್ಮ ಶೇರುಪೇಟೆಯಿಂದ ಹೋದದ್ದಕ್ಕಿಂತ ಬಂದ ವಿದೇಶಿ ಹಣವೇ ಜಾಸ್ತಿ. ಡಾಲರ್ ವರ್ಷದ ಕೊನೆಗೂ 83ರ ಆಸುಪಾಸಿನಲ್ಲೇ ಇತ್ತು.

ಇನ್ನು 2013. ಆಗ ಪೆಟ್ಟು ಜೋರಾಗಿ ಬಿದ್ದದ್ದು ನಮ್ಮ ಲೆಕ್ಕವೇ ಸರಿ ಇಲ್ಲದ್ದಕ್ಕೆ. ಹಿಂದಿನ ಹಣಕಾಸು ವರ್ಷದಲ್ಲಿ ಚಾಲ್ತಿ ಖಾತೆ ಕೊರತೆ (ರಫ್ತು ಮುಂತಾದವುಗಳಿಂದ ಬಂದ ವಿದೇಶಿ ಹಣಕ್ಕಿಂತ ಆಮದು ಮುಂತಾದವುಗಳಿಗೆ ಹೋದದ್ದು ಜಾಸ್ತಿ ಇರುವುದು) ಜಿಡಿಪಿಯ 4.8 ಪರ್ಸೆಂಟ್ ಇತ್ತು. ಜುಲೈ ಏರಿಕೆ ಆದ ಮೇಲೂ ರೂಪಾಯಿ ಬಿದ್ದೇ ಬಿತ್ತು, ರಾಯರು ಅದನ್ನು ಸುಮ್ನೆ ಹಾರಿಸಿದ್ದಾರೆ. ಸೆಪ್ಟೆಂಬರ್‌ನಲ್ಲಿ ರಘುರಾಮ್ ರಾಜನ್ ಗವರ್ನರ್ ಆಗಿ ಬಂದು ಡಾಲರ್ ತರುವ ಬ್ಯಾಂಕುಗಳಿಗೆ ವಿಶೇಷ ರಿಯಾಯಿತಿ ಕೊಟ್ಟರು. ಅನಿವಾಸಿ ಭಾರತೀಯರ ಠೇವಣಿ, ಬ್ಯಾಂಕುಗಳ ವಿದೇಶಿ ಸಾಲ ಸೇರಿ ಸುಮಾರು 3,400 ಕೋಟಿ ಡಾಲರ್ ಬಂತು. ಫೆಡ್ ಕೂಡ ಆ ತಿಂಗಳು ಬಾಂಡ್ ಖರೀದಿ ಇಳಿಸಲಿಲ್ಲ. ಆಮೇಲೆ ರೂಪಾಯಿ ಚೇತರಿಸಿತು.

ಮತ್ತೆ, ಪೇಟೆ ಅಲುಗಾಡಿಸುವುದು ಫೆಡ್ ಒಂದೇ ಅಲ್ಲ. 2024ರ ಜುಲೈ 31ರಂದು ಬ್ಯಾಂಕ್ ಆಫ್ ಜಪಾನ್ ಬಡ್ಡಿಯನ್ನು ಬರೀ 0.25ಕ್ಕೆ ಏರಿಸಿತು. ಅಗ್ಗದ ಯೆನ್ ಸಾಲ ಮಾಡಿ ಬೇರೆಡೆ ಹಾಕಿದ್ದವರು ಗಾಬರಿಬಿದ್ದು ಹಾಕಿದ್ದನ್ನು ಮಾರತೊಡಗಿದರು, ಮೇಲಿಂದ ಅಮೆರಿಕದ ಉದ್ಯೋಗದ ಅಂಕಿ ಕೆಟ್ಟದಾಗಿ ಬಂತು. ಆಗಸ್ಟ್ 5ಕ್ಕೆ ಸೆನ್ಸೆಕ್ಸ್ 2,200ಕ್ಕೂ ಜಾಸ್ತಿ ಅಂಶ ಕುಸಿಯಿತು. ಹಾಗಂತ ಟೋಕಿಯೋ ಹಿಂದೆಯೂ ಓಡಬೇಕಾ?

ತೈಲದ ವಿಷಯ ಮಾತ್ರ ಒಪ್ಪುತ್ತೇನೆ. ರೂಪಾಯಿ ಬಿದ್ದರೆ ನನ್ನ ಗ್ಯಾಸ್ ಸಿಲಿಂಡರ್ ಬಿಲ್ಲೂ ಏರುತ್ತದೆ. ಅದಕ್ಕೆ ಆರ್‌ಬಿಐ ಹತ್ತಿರ ಡಾಲರ್ ಸಂಗ್ರಹ ಇದೆ, ಮಾರಲಿ.

ಒಂದು ಪ್ರಶ್ನೆ. ಫೆಡ್ 2024ರ ಸೆಪ್ಟೆಂಬರ್‌ನಲ್ಲಿ ಅರ್ಧ ಪರ್ಸೆಂಟ್ ಇಳಿಸಿತು. ನಮ್ಮ ರೆಪೊ ಇಳಿದದ್ದು 2025ರ ಫೆಬ್ರವರಿಯಲ್ಲಿ, ಅದೂ ಕಾಲು ಪರ್ಸೆಂಟ್. ಆ ಐದು ತಿಂಗಳು ‘ಬೇಗ ಹಿಂಬಾಲಿಸಿ’ ಅಂತ ನೀವು ಒಂದು ಸಲವೂ ಹೇಳಿದ್ದು ಕೇಳಲಿಲ್ಲವಲ್ಲ ರಾಯರೇ?