ಹೆರಿಗೆಯೆಲ್ಲ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕೇ?

ಮನೆಯಲ್ಲಿ ಹೆರಿಗೆಯಾಗುವುದು ಕರ್ನಾಟಕದಲ್ಲಿ ಈಗ ಅಪರೂಪ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೇ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಆದರೂ 2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಇಲ್ಲಿ ಸತ್ತಿದ್ದಾರೆ. ಪಕ್ಕದ ಕೇರಳದಲ್ಲಿ 19. ಹೆರಿಗೆ ಕಡಿಮೆ ಆಗುವ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೆರಿಗೆ ಕೋಣೆ ಮುಚ್ಚಿ, ವೈದ್ಯರನ್ನೂ ಬಸುರಿಯರನ್ನೂ ತಾಲ್ಲೂಕು ಆಸ್ಪತ್ರೆಯಲ್ಲಿ ಕೂಡಿಸಿದರೆ ಈ ಸಾವು ಇಳಿಯುವುದೇ?

ಪರ

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯನ್ನು ನೋಡಿದ್ದೆ. ಮೇಜಿನ ರೆಕ್ಸಿನ್ ಮಾಸಿರಲಿಲ್ಲ. ಕೂಸನ್ನು ಬೆಚ್ಚಗಿಡುವ ಯಂತ್ರ, ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ಕಿನಲ್ಲೇ ಇತ್ತು. ರಿಜಿಸ್ಟರಿನಲ್ಲಿ ಆ ತಿಂಗಳು ನಾಲ್ಕು ಹೆಸರು. ಐದನೆಯವಳನ್ನು ನೋವು ಏರಿದ ಮೇಲೆ ‘ಇಲ್ಲಿ ಆಗುವುದಿಲ್ಲ, ಮುಂದಕ್ಕೆ ಹೋಗಿ’ ಎಂದು 108ಕ್ಕೆ ಹತ್ತಿಸಿದ್ದರು. ಸಿಸ್ಟರನ್ನು ದೂರುವಂತಿಲ್ಲ. ತಿಂಗಳಿಗೆ ನಾಲ್ಕು ಹೆರಿಗೆ ಮಾಡಿಸುವವರ ಕೈ ಪಳಗುವುದಾದರೂ ಹೇಗೆ?

ಹೆರಿಗೆಯ ಕಷ್ಟ ಹೇಳಿ ಕೇಳಿ ಬರುವುದಿಲ್ಲ. ರಕ್ತಹೀನತೆ, ಬಿಪಿ, ಅವಳಿ ಎಂದು ತಾಯಿ ಕಾರ್ಡಿನಲ್ಲಿ ಮೊದಲೇ ಬರೆದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಬಹುದು, ಸರಿ. ಆದರೆ ಹೆತ್ತ ಮೇಲೆ ವಿಪರೀತ ರಕ್ತ ಹೋಗುವ ಎಷ್ಟೋ ಹೆಂಗಸರ ಕಾರ್ಡಿನಲ್ಲಿ ಅಂಥ ಒಂದು ಗುರುತೂ ಇರುವುದಿಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಅದು ಬಿಗಿದುಕೊಳ್ಳದಿದ್ದರೆ ತಾಯಿಗೆ ಉಳಿಯುವ ಹೊತ್ತು ಎರಡು ಗಂಟೆಯೂ ಇರಲಿಕ್ಕಿಲ್ಲ. ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ ಸೂಜಿಗೆ ರಕ್ತ ನಿಂತರೆ ಪುಣ್ಯ. ನಿಲ್ಲದಿದ್ದರೆ ರಕ್ತದ ಬಾಟಲಿ ಬೇಕು, ಕೊಯ್ಯುವ ಕೈ ಬೇಕು. ಎರಡೂ ಇರುವ ಜಾಗಕ್ಕೆ ಆಗ ಹೊರಡುವುದಕ್ಕಿಂತ ಮೊದಲೇ ಅಲ್ಲಿದ್ದರೆ ವಾಸಿಯಲ್ಲವೇ?

ಪ್ರಾಥಮಿಕ ಕೇಂದ್ರಕ್ಕೂ ತಾಲ್ಲೂಕು ಆಸ್ಪತ್ರೆಗೂ ನಡುವಿನ ಸಮುದಾಯ ಆರೋಗ್ಯ ಕೇಂದ್ರಗಳ ಪಾಡು ಇನ್ನೊಂದು ಬಗೆಯದು. ಒಂದೂರಿನಲ್ಲಿ ಸ್ತ್ರೀರೋಗ ತಜ್ಞರಿರುತ್ತಾರೆ, ಅರಿವಳಿಕೆ ಕೊಡುವವರಿರುವುದಿಲ್ಲ. ಪಕ್ಕದೂರಿನಲ್ಲಿ ಅರಿವಳಿಕೆಯವರಿದ್ದಾರೆ, ಕೊಯ್ಯುವವರಿಲ್ಲ. ಸರ್ಕಾರ ಇಬ್ಬರಿಗೂ ಸಂಬಳ ಕೊಡುತ್ತದೆ, ಸಿಸೇರಿಯನ್ ಮಾತ್ರ ಎರಡೂ ಕಡೆ ಆಗುವುದಿಲ್ಲ. ಸ್ತ್ರೀರೋಗ, ಅರಿವಳಿಕೆ, ಮಕ್ಕಳ ವೈದ್ಯರು ತಲಾ ಇಬ್ಬರಾದರೂ ಒಂದೇ ಸೂರಿನಡಿ ಇದ್ದರೆ ನಡುರಾತ್ರಿಯಲ್ಲೂ ಆಪರೇಷನ್ ಥಿಯೇಟರಿನ ದೀಪ ಉರಿದೀತು.

ಕಾಸಿದ್ದವರು ಮೊದಲ ತಿಂಗಳಿನಿಂದಲೇ ಜಿಲ್ಲಾ ಕೇಂದ್ರದ ನರ್ಸಿಂಗ್ ಹೋಮಿಗೆ ನಡೆಯುತ್ತಾರೆ. ಕೇರಳದಲ್ಲಂತೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಇಲ್ಲವೆನ್ನುವಷ್ಟು ಕಡಿಮೆ. ಬಡವರಿಗೆ ಹತ್ತಿರದ್ದೇ ಸಾಕು ಎನ್ನುವವರು ತಮ್ಮ ಮಗಳನ್ನು ಎಲ್ಲಿಗೆ ಕರೆದೊಯ್ದರು ಎಂದು ಒಮ್ಮೆ ಕೇಳಿ ನೋಡಬೇಕು.

ವಿರೋಧ

ಮೇಲಿನ ವಾದ ನಡೆಯಬೇಕಾದರೆ ಮೊದಲು ಒಳ್ಳೆಯ ರಸ್ತೆ ಬೇಕು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರುಗಳಿಂದ ಬಸುರಿಯರನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ‘ಆಂಬುಲೆನ್ಸಿನಲ್ಲೇ ಹೆರಿಗೆ, ತಾಯಿ ಮಗು ಕ್ಷೇಮ’ ಎಂಬುದು ಪತ್ರಿಕೆಗಳಲ್ಲಿ ಸಂತೋಷದ ಸುದ್ದಿಯಾಗಿ ಅಚ್ಚಾಗುತ್ತದೆ. ನನಗಂತೂ ಅದನ್ನು ಓದಿದಾಗಲೆಲ್ಲ ಆ ದಾರಿಯಲ್ಲಿ ಯಾವ ಹೆರಿಗೆ ಕೋಣೆಗೆ ಬೀಗ ಬಿದ್ದಿತ್ತೋ ಎನಿಸುತ್ತದೆ.

ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ, ಅಂದರೆ ನಮ್ಮ ಮನೆಗೆ ಬಂದಿದ್ದಳು. ದೊಡ್ಡ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಗೋಡೆಯ ಮೇಲೆ ‘ಎಲ್ಲ ಸೇವೆಗಳೂ ಉಚಿತ’ ಎಂದು ಬರೆದಿತ್ತು. ಸುಳ್ಳಲ್ಲ, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧಿ, ಊಟ, ಸಿಸೇರಿಯನ್, ಹೋಗಿಬರುವ ವಾಹನ ಎಲ್ಲವೂ ಉಚಿತವೇ. ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಒಬ್ಬಳ ತಲೆಯ ಕಡೆ ಇನ್ನೊಬ್ಬಳ ಕಾಲು. ಅತ್ತೆ ಮತ್ತು ನಾನು ಮೂರು ರಾತ್ರಿ ಮೊಗಸಾಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿದೆವು. ನನ್ನ ಗಂಡನಿಗೆ ಮೂರು ದಿನದ ಕೂಲಿ ಹೋಯಿತು. ಗಂಡು ಮಗುವೆಂದು ಆಯಾ ಐನೂರು ಕೇಳಿದಳು. ಹೆಣ್ಣಾಗಿದ್ದರೆ ಮುನ್ನೂರಂತೆ. ಆ ದರಪಟ್ಟಿ ಮಾತ್ರ ಗೋಡೆಯ ಮೇಲೆ ಇರಲಿಲ್ಲ. ಇರುವ ಮಂಚಗಳಿಗೇ ಇಬ್ಬಿಬ್ಬರಾದರೆ, ಸುತ್ತಲಿನ ಊರುಗಳ ಹೆರಿಗೆಯನ್ನೂ ತಂದು ಸುರಿದ ಮೇಲೆ ಅಲ್ಲಿ ಏನಾದೀತು?

ದೊಡ್ಡದೆಂದ ಮಾತ್ರಕ್ಕೆ ಕ್ಷೇಮವೂ ಅಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅಲ್ಲಿ ತಜ್ಞರಿದ್ದರು, ಥಿಯೇಟರೂ ಇತ್ತು.

ಕೇರಳದ 19ನ್ನು ತೋರಿಸುವವರು ತಮಿಳುನಾಡಿನ 54ನ್ನೂ ನೋಡಲಿ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮೂವರು ದಾದಿಯರನ್ನು ಕೊಟ್ಟು ಹಗಲೂ ರಾತ್ರಿ ಹೆರಿಗೆ ಮಾಡಿಸಿದರು. ರಕ್ತ, ಶಸ್ತ್ರಕ್ರಿಯೆ ಇರುವ ಕೇಂದ್ರಗಳನ್ನು ಬೇರೆಯಾಗಿ ಕಟ್ಟಿದರು. ಒಂದನ್ನು ತೆರೆಯಲು ಇನ್ನೊಂದನ್ನು ಮುಚ್ಚಲಿಲ್ಲ. ಕೈ ಪಳಗುವುದಿಲ್ಲ ಎಂಬ ಮಾತು ನಿಜ, ಅದಕ್ಕೆ ಸಿಸ್ಟರುಗಳನ್ನು ವರ್ಷಕ್ಕೆ ಕೆಲವು ವಾರ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿಗೆ ಕಳಿಸಿದರಾಯಿತು. ರಕ್ತಸ್ರಾವಕ್ಕೆ ಮೊದಲ ಮದ್ದು ಬೇಗ ಗುರುತಿಸುವುದು. ಕೀನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳ ಪ್ರಯೋಗವೊಂದು 2023ರಲ್ಲಿ ಪ್ರಕಟವಾಯಿತು. ಹೋದ ರಕ್ತವನ್ನು ಅಳೆಯಲು ಗೀಟು ಹಾಕಿದ ಪ್ಲಾಸ್ಟಿಕ್ ಚೀಲ. ಗೀಟು ದಾಟಿದೊಡನೆ ಹೊಟ್ಟೆ ನೀವುವುದು, ಔಷಧಿ, ನರಕ್ಕೆ ಡ್ರಿಪ್ ಎಲ್ಲವೂ ಒಟ್ಟಿಗೆ. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಸಾವು, ಶಸ್ತ್ರಕ್ರಿಯೆಗಳು ಸೇರಿ ಶೇ 60ರಷ್ಟು ಇಳಿದವು. ಗೀಟು ಓದಲು ಎಂ.ಡಿ. ಪದವಿ ಬೇಕಿಲ್ಲ.

ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆರಿಗೆ ಕೋಣೆ ಮುಚ್ಚಿದರೆ ರಾತ್ರಿ ಪಾಳಿಯ ಸಿಸ್ಟರನ್ನು ಅಲ್ಲಿಡಲು ಇಲಾಖೆಗೆ ಕಾರಣವೇ ಉಳಿಯುವುದಿಲ್ಲ. ಸಂಜೆ ಐದಕ್ಕೆ ಬಾಗಿಲು. ಹೆತ್ತ ಮೇಲಿನ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರುತ್ತಾಳೆ. ಏಳನೆಯ ದಿನ ಬಾಣಂತಿಯ ಮೈ ಮುಟ್ಟಿ ನೋಡಿ ಜ್ವರವೆಂದು ತಿಳಿದರೆ ಅವಳು ಆ ರಾತ್ರಿ ಎಲ್ಲಿಗೆ ಕರೆದೊಯ್ಯಬೇಕು? ಹಾವು ಕಚ್ಚಿದವನೂ ಫಿಟ್ಸ್ ಬಂದ ಕೂಸೂ ತಟ್ಟುವುದು ಅದೇ ಬಾಗಿಲನ್ನು. ನಾಲ್ಕು ಹೆಸರಿನ ರಿಜಿಸ್ಟರನ್ನು ನೋಡಿ ಬಂದವರು, ಅದೇ ಮೇಜಿನ ಮೇಲೆ ಇರುವ ರಾತ್ರಿ ರೋಗಿಗಳ ರಿಜಿಸ್ಟರನ್ನೂ ತೆರೆಯಬಹುದಿತ್ತು.